ಕಾರ್ಪೆಟ್ಟಿನ ಮೇಲೆ ಆರಿಸಿದ ಟ್ರೈಪಾಡ್

ನಗರ ದಾಖಲೀಕರಣ ಇಲಾಖೆಯ ಸಾಧನ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಹೀಗೆ ಕರೆಯುವುದು ರೂಢಿ, ಕರೆದಿದ್ದೇನೆ. ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಈ ಪತ್ರದಲ್ಲಿ ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ. ಮೊಬಿಲಿಟಿ ಸ್ಕೂಟರಿನಲ್ಲಿ ಕೂತು ಕೆಲಸ ಮಾಡುವ ಛಾಯಾಗ್ರಾಹಕರ ಕ್ಯಾಮೆರಾಕ್ಕೆ ಎಂಥ ಆಧಾರ ಇರಬೇಕೆಂದು ತೀರ್ಮಾನಿಸಿದವರು ನೀವು. ತೀರ್ಮಾನಿಸಿದ ದಿನ ಒಂದೇ ಒಂದು ಸ್ಕೂಟರನ್ನೂ ಕೋಣೆಯೊಳಗೆ ಬಿಡದವರೂ ನೀವೇ. ನೀವು ಆರಿಸಿಕೊಟ್ಟ ಆ ವಸ್ತುವಿನಿಂದಾಗಿ, ಇನ್ನೆಂದೂ ತೆಗೆಯಲಾಗದ ಒಂದು ಚಿತ್ರ ನನ್ನ ಕೈತಪ್ಪಿತು. ಅದಕ್ಕೆ ಶಿಕ್ಷೆಯಾಗಿ ನನ್ನನ್ನು ಬೀದಿಯ ಕೆಲಸದಿಂದ ಎತ್ತಿ ಮೇಜಿನ ಹಿಂದೆ ಕೂರಿಸಿದಿರಿ. ತಪ್ಪು ನಿಮ್ಮದು, ಶಿಕ್ಷೆ ನನ್ನದು. ಈ ಹಂಚಿಕೆ ನನಗೆ ಒಪ್ಪಿಗೆಯಿಲ್ಲ. ನಿಮಗೆ ನೇರವಾಗಿ ಬರೆದ ಎರಡು ಪತ್ರಗಳು ನಿಮ್ಮ ಮೇಜಿನ ಯಾವುದೋ ಡ್ರಾಯರಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿವೆ. ಹಾಗಾಗಿ ಮೂರನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಓದುವವರಿಗೆ ನಾನು ಯಾರೆಂದು ಗೊತ್ತಿರಲಾರದು. ನಮ್ಮ ಇಲಾಖೆಯ ಕೆಲಸ ಸರಳವಾದದ್ದು. ಊರಿನಲ್ಲಿ ಹಳೆಯದೇನನ್ನಾದರೂ ಕೆಡವುವ ಮುನ್ನ ಅದರ ಚಿತ್ರ ತೆಗೆದು, ವಿವರ ಬರೆದು, ಕಡತಕ್ಕೆ ಸೇರಿಸುವುದು. ಗೋಡೆ, ಗೋಪುರಗಳ ಚಿತ್ರವನ್ನು ಯಾರು ಬೇಕಾದರೂ ತೆಗೆದಾರು. ನಾನು ಇಪ್ಪತ್ತೆರಡು ವರ್ಷಗಳಿಂದ ತೆಗೆಯುತ್ತಿರುವುದು ಅಲ್ಲಿ ದುಡಿದವರ ಮುಖಗಳನ್ನು. ಕಟ್ಟಡ ಬೀಳುವ ಹೊತ್ತಿಗೆ ಎಲ್ಲರ ಕ್ಯಾಮೆರಾ ಕಟ್ಟಡದ ಕಡೆಗಿದ್ದರೆ ನನ್ನದು ಜನರ ಕಡೆಗಿರುತ್ತದೆ. ಏಳು ವರ್ಷದ ಹಿಂದೆ ಒಂದು ಕಾಯಿಲೆ ನನ್ನ ಕಾಲುಗಳನ್ನು ಪೂರ್ತಿಯಾಗಿಯೂ ತೋಳುಗಳ ಬಲವನ್ನು ಅರ್ಧದಷ್ಟೂ ಕಿತ್ತುಕೊಂಡಿತು. ಅಂದಿನಿಂದ ಬ್ಯಾಟರಿಯಲ್ಲಿ ಓಡುವ ನಾಲ್ಕು ಚಕ್ರದ ಸ್ಕೂಟರ್ ನನ್ನ ಕಾಲು. ದೊಡ್ಡ ಲೆನ್ಸಿನ ಭಾರವನ್ನು ಕೈಯಲ್ಲಿ ಹಿಡಿದು ನಿಲ್ಲಿಸುವ ತ್ರಾಣ ಇಲ್ಲದ್ದರಿಂದ ಕ್ಯಾಮೆರಾಕ್ಕೂ ಒಂದು ಆಸರೆ ಬೇಕಾಯಿತು.

ಆ ಆಸರೆಯನ್ನು ಹುಡುಕಲು ನನಗೆ ಒಂದು ವರ್ಷ ಹಿಡಿಯಿತು. ನಿಮಗೆ ನಲವತ್ತು ನಿಮಿಷ ಸಾಕಾಯಿತು, ಅದು ಬೇರೆ ಮಾತು. ಮೊದಲು ಹ್ಯಾಂಡಲ್ ಮೇಲೆ ಕಾಳು ತುಂಬಿದ ಬಟ್ಟೆಯ ಚೀಲವಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ ನೋಡಿದೆ. ನಿಂತ ವಸ್ತುವಿಗೆ ಸರಿ, ನಡೆಯುವ ಮನುಷ್ಯರಿಗೆ ಸಾಲದು. ಹ್ಯಾಂಡಲ್ ಕಂಬಕ್ಕೇ ಕ್ಲ್ಯಾಂಪ್ ಬಿಗಿದೆ. ಗಾಡಿ ತಿರುಗಿಸಿದರೆ ಕ್ಯಾಮೆರಾನೂ ತಿರುಗುತ್ತಿತ್ತು, ಕ್ಯಾಮೆರಾ ತಿರುಗಿಸಿದರೆ ಗಾಡಿ ಚರಂಡಿಯ ಕಡೆ ಹೊರಡುತ್ತಿತ್ತು. ಒಂಟಿ ಕಾಲಿನ ಕೋಲನ್ನು ಪಾದಗಳ ನಡುವೆ ಊರಿದೆ. ಗಾಡಿ ಹೊಂಡದಲ್ಲಿ ಹಾರಿದಾಗಲೆಲ್ಲ ಅದು ಜಾರಿ ನನ್ನ ಗಲ್ಲಕ್ಕೆ ಬಡಿಯುತ್ತಿತ್ತು. ಕೊನೆಗೆ ನಮ್ಮ ಬೀದಿಯ ತಿರುವಿನಲ್ಲಿ ಕಿಟಕಿ ಸರಳುಗಳಿಗೆ ಬೆಸುಗೆ ಹಾಕುವವನ ಬಳಿ ಹೋದೆ. ಆತ ಕ್ಯಾಮೆರಾವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅಂಗಡಿಯ ಮುಂದೆ ನನ್ನನ್ನು ಎರಡು ಗಂಟೆ ಸುಮ್ಮನೆ ಕೂರಿಸಿ, ತನ್ನ ಕೆಲಸ ಮಾಡುತ್ತಲೇ ನನ್ನನ್ನು ಗಮನಿಸಿದ.

"ಅಕ್ಕಾ, ಯಾರಾದ್ರೂ ಪಕ್ಕದಿಂದ ಕೂಗಿದ್ರೆ ನೀವು ಏನು ತಿರುಗಿಸ್ತೀರಿ? ಹ್ಯಾಂಡಲ್ ಅಂತೂ ಅಲ್ಲ."

"ಸೀಟು ತಿರುಗಿಸ್ತೀನಿ. ಇದು ಸುತ್ತ ತಿರುಗೋ ಸೀಟು."

"ಹಾಗಾದ್ರೆ ಕ್ಯಾಮೆರಾನೂ ಸೀಟಿಗೇ ಇರ್ಲಿ ಬಿಡಿ. ನೀವು ಎತ್ತ ತಿರುಗ್ತೀರೋ ಅದೂ ಅತ್ತ ತಿರುಗುತ್ತೆ."

ಇಷ್ಟೇ, ಮಾನ್ಯರೇ. ಸೀಟಿನ ಕೆಳಗಿನ ಕಂಬಕ್ಕೆ ಒಂದು ಪಟ್ಟಿ, ಅದರಿಂದ ತೋಳಿನಂತೆ ಬಾಗಿ ಎದೆಯ ಮಟ್ಟಕ್ಕೆ ಬರುವ ಒಂದು ಕೊಳವೆ, ತುದಿಯಲ್ಲಿ ಕ್ಯಾಮೆರಾ ಕೂರುವ ಹಿಡಿ. ಬೇಡವೆಂದಾಗ ಪಕ್ಕಕ್ಕೆ ಸರಿಸಿದರೆ ನಾನು ಆರಾಮಾಗಿ ಇಳಿಯಬಲ್ಲೆ. ಆರು ವರ್ಷ ಆ ಕಬ್ಬಿಣದ ತೋಳು ನನ್ನ ಜೊತೆ ಊರು ಸುತ್ತಿತು. ಮುಚ್ಚಿದ ಮಾರುಕಟ್ಟೆಯ ತಕ್ಕಡಿಯವರು, ಕೊನೆಯ ಬಸ್ ಹೊರಟ ಡಿಪೋದ ಮೆಕ್ಯಾನಿಕ್‌ಗಳು, ಅಚ್ಚಿನ ಮೊಳೆಗಳನ್ನು ಕೊನೆಯ ಬಾರಿ ತೊಳೆದಿಟ್ಟ ಮುದ್ರಣಾಲಯದವರು, ಇವರೆಲ್ಲರ ಮುಖಗಳನ್ನು ಹಿಡಿದಿಟ್ಟದ್ದು ಅದೇ. ಆ ಚಿತ್ರಗಳಲ್ಲಿ ನಾಲ್ಕನ್ನು ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಿಕೊಂಡಿದ್ದೀರಿ. ಬಂದ ಅತಿಥಿಗಳಿಗೆ ತೋರಿಸಿ ಬೆನ್ನು ತಟ್ಟಿಕೊಳ್ಳುತ್ತೀರಿ ಎಂದೂ ಕೇಳಿದ್ದೇನೆ.

ಇನ್ನು ಆಯ್ಕೆಯ ದಿನಕ್ಕೆ ಬರೋಣ. ಸ್ಕೂಟರ್ ಬಳಸುವ ಛಾಯಾಗ್ರಾಹಕರು ಇಲಾಖೆಯಲ್ಲಿ ಮೂವರು. ನಾನು ಒಬ್ಬಳು. ಇನ್ನೊಬ್ಬರು ಶಾಲೆಗಳ ಗ್ರೂಪ್ ಫೋಟೋ ತೆಗೆಯುವ, ಎಲ್ಲರೂ ಸ್ಮೈಲ್ ಮಾಮ ಎಂದು ಕರೆಯುವ, ಕೈ ನಡುಗುವ ಹಿರಿಯರು. ಮೂರನೆಯವಳು ವಸ್ತುಸಂಗ್ರಹಾಲಯದ ಕೆಲಸ ಮಾಡುವ, ಒಂದೇ ಕೈ ಆಡುವ ತರುಣಿ. ಮೂವರ ದೇಹಕ್ಕೂ ಮೂರು ಬಗೆಯ ತೊಡಕು. ನಮಗೆ ಯೋಗ್ಯವಾದ ಆಧಾರವನ್ನು ನಮ್ಮ ಎದುರಿನಲ್ಲೇ ಪರೀಕ್ಷಿಸಿ ಆರಿಸುತ್ತೀರೆಂದು ಪತ್ರ ಬಂದಾಗ ಖುಷಿಯಿಂದಲೇ ಬಂದೆವು. ನಿಮ್ಮ ಸಭಾಂಗಣದ ಬಾಗಿಲಲ್ಲಿ ನಿಮ್ಮ ಸಹಾಯಕರು ಕೈ ಅಡ್ಡ ಹಿಡಿದರು.

"ಮೇಡಂ, ಗಾಡಿ ಇಲ್ಲೇ ಬಿಡಿ. ಒಳಗೆ ಹೊಸ ಕಾರ್ಪೆಟ್ ಹಾಕಿದಾರೆ, ಚಕ್ರದ ಗುರುತು ಬೀಳುತ್ತೆ ಅಂತ ಸಾಹೇಬ್ರು ಹೇಳಿದಾರೆ."

"ಅಲ್ಲಪ್ಪ, ಪರೀಕ್ಷೆ ಇರೋದೇ ಗಾಡಿಗೆ ಅಲ್ವಾ?" ಎಂದರು ಸ್ಮೈಲ್ ಮಾಮ.

"ಪರೀಕ್ಷೆ ಸ್ಟ್ಯಾಂಡಿಗೆ ಸರ್. ನಿಮಗೆ ಒಳಗೆ ಕುರ್ಚಿ ಇಟ್ಟಿದೀವಿ."

ಇಟ್ಟಿದ್ದಿರಿ, ಸುಳ್ಳಲ್ಲ. ತಳದಲ್ಲಿ ಐದೈದು ಪುಟ್ಟ ಚಕ್ರಗಳಿರುವ ಕಚೇರಿಯ ಕುರ್ಚಿಗಳು. ನಿಮ್ಮ ಚಕ್ರ ಕಾರ್ಪೆಟ್ಟಿಗೆ ಪ್ರೀತಿ, ನಮ್ಮ ಚಕ್ರ ಕಾರ್ಪೆಟ್ಟಿಗೆ ಅಸಹ್ಯವೋ ಏನೋ. ನಮ್ಮನ್ನು ಎತ್ತಿ ಆ ಕುರ್ಚಿಗಳಲ್ಲಿ ಕೂರಿಸಿ, ಎದುರಿಗೆ ಒಂದು ಭರ್ಜರಿ ಟ್ರೈಪಾಡ್ ತಂದು ನಿಲ್ಲಿಸಿದರು. ಕುರ್ಚಿಗೆ ಹ್ಯಾಂಡಲ್ ಇಲ್ಲ, ಮುಂದೆ ಚಾಚಿಕೊಂಡ ಪಾದದ ಹಲಗೆ ಇಲ್ಲ, ಬ್ಯಾಟರಿಯ ಪೆಟ್ಟಿಗೆ ಇಲ್ಲ. ಮೂರು ಕಾಲುಗಳೂ ಸಲೀಸಾಗಿ ಮೊಣಕಾಲಿನ ಪಕ್ಕಕ್ಕೆ ಬಂದು ನಿಂತವು. ನೀವು ಅದರ ಹಿಂದೆ ನಿಂತುಕೊಂಡು, ಹೌದು, ನಿಂತುಕೊಂಡು, ಕಣ್ಣಿಟ್ಟು ನೋಡಿ "ಎಂಥ ಸ್ಥಿರತೆ!" ಎಂದು ಉದ್ಗರಿಸಿದಿರಿ. ಸಮಿತಿಯವರು ತಲೆಯಾಡಿಸಿದರು. ಬೆಳಿಗ್ಗೆ ಹತ್ತೂವರೆಗೆ ಶುರುವಾದ ಸಭೆ ಹನ್ನೊಂದೂ ಹತ್ತಕ್ಕೆ ಮುಗಿಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆ. ನಾನೂ ತಲೆಯಾಡಿಸಿದೆ. ನೀವು ನನ್ನ ಕಡೆ ತಿರುಗಿ "ಹೇಗಿದೆ ಮೇಡಂ?" ಎಂದಾಗ, ಆ ಕುರ್ಚಿಯಿಂದ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು, "ಚೆನ್ನಾಗಿದೆ ಸರ್" ಎಂದೆ. ಒಪ್ಪಿಗೆ ಪತ್ರದ ಕೆಳಗೆ ಸಹಿಯನ್ನೂ ಹಾಕಿದೆ. ಬಾಗಿಲಾಚೆ ನಿಂತಿದ್ದ ನನ್ನ ಗಾಡಿಯನ್ನು ಆ ನಲವತ್ತು ನಿಮಿಷ ನಾನೇ ಮರೆತಿದ್ದೆ. ಇದಕ್ಕಾಗಿ ನನ್ನ ಮೇಲೆ ನನಗೆ ಇರುವ ಸಿಟ್ಟು ನಿಮ್ಮ ಮೇಲಿನದಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ. ಆದರೆ ನನ್ನ ಸಿಟ್ಟಿನ ಪಾಲನ್ನು ನಾನು ದಿನಾ ಉಣ್ಣುತ್ತಿದ್ದೇನೆ. ನಿಮ್ಮ ಪಾಲು ಇನ್ನೂ ನಿಮಗೆ ತಲುಪಿಲ್ಲ.

ಒಂದು ವಾರದಲ್ಲಿ ಸುತ್ತೋಲೆ ಬಂತು. ಅನುಮೋದಿತ ಆಧಾರವನ್ನಲ್ಲದೆ ಬೇರಾವುದನ್ನೂ ಕರ್ತವ್ಯದ ವೇಳೆ ಬಳಸತಕ್ಕದ್ದಲ್ಲ. ನನ್ನ ಕಬ್ಬಿಣದ ತೋಳನ್ನು ಬಿಚ್ಚಿಸಿ ಉಗ್ರಾಣಕ್ಕೆ ಹಾಕಿದರು. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಏನು ಬರೆದಿದ್ದಾರೆ ಗೊತ್ತೆ? "ಅನಧಿಕೃತ ಲೋಹ."

ಟ್ರೈಪಾಡನ್ನು ಗಾಡಿಯ ಮುಂದೆ ನಿಲ್ಲಿಸಿದರೆ ನನಗೂ ಕ್ಯಾಮೆರಾಕ್ಕೂ ನಡುವೆ ಹ್ಯಾಂಡಲ್ ಇರುತ್ತದೆ. ಕಣ್ಣು ತಾಗಿಸಬೇಕಾದರೆ ಜಿರಾಫೆಯ ಕತ್ತು ಬೇಕು. ಪಕ್ಕದಲ್ಲಿ ನಿಲ್ಲಿಸಿದರೆ ಸೊಂಟ ತಿರುಚಿಕೊಂಡು ಕೂರಬೇಕು. ಹತ್ತು ನಿಮಿಷಕ್ಕೆ ಬೆನ್ನು ಬೆಂಕಿ. ಕಾಲುಗಳನ್ನು ಚಕ್ರಗಳ ಆಚೀಚೆ ಅಗಲಿಸಿ ನಿಲ್ಲಿಸಿದರೆ ನಾನು ಪಂಜರದ ಗಿಳಿ, ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಜಾಗ ಬದಲಿಸಬೇಕೆ? ಬಾಗಿ ಮೂರೂ ಕಾಲುಗಳ ಬೀಗ ಸಡಿಲಿಸಿ, ಮಡಚಿ, ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಗಾಡಿ ಓಡಿಸಿ, ಮತ್ತೆ ಬಿಚ್ಚಿ ನಿಲ್ಲಿಸಬೇಕು. ಒಂದೇ ಕೈ ಆಡುವವಳು ಇದನ್ನು ಹೇಗೆ ಮಾಡಬೇಕು? ನಿಮ್ಮ ಸಮಿತಿಯಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಿದ್ದುಂಟೆ? ಕೇಳುವುದಕ್ಕೆ ಆ ಗಾಡಿ ಕಣ್ಣಿಗೆ ಬೀಳಬೇಕಿತ್ತಲ್ಲ!

ಈಗ ಚಿಮಣಿಯ ದಿನ. ಊರಿನ ಹಳೆಯ ನೂಲಿನ ಗಿರಣಿಯ ಚಿಮಣಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ಸಿಡಿಮದ್ದಿಟ್ಟು ಬೀಳಿಸುವುದೆಂದು ನಿಗದಿಯಾಗಿತ್ತು. ಆ ಗಿರಣಿಯಲ್ಲಿ ದುಡಿದ ಹತ್ತೊಂಬತ್ತು ಮಂದಿ ಹೆಂಗಸರು ನೋಡಲು ಬಂದಿದ್ದರು. ಅವರಲ್ಲಿ ಒಬ್ಬಳು ನನ್ನ ಅಮ್ಮ. ಮೂವತ್ತೊಂದು ವರ್ಷ ಅಲ್ಲಿ ನೂಲಿನ ಎಳೆ ಕಡಿದಲ್ಲೆಲ್ಲ ಗಂಟು ಹಾಕಿದವಳು. ಈಗ ಎಂಬತ್ತೊಂದು. ಹಿಂದಿನ ದಿನವೇ ಒಳ್ಳೆಯ ಬಟ್ಟೆ ಇಸ್ತ್ರಿ ಮಾಡಿಸಿಟ್ಟು, ಕನ್ನಡಕ ಒರೆಸಿಟ್ಟು, "ನನ್ನನ್ನ ತುದೀಲಿ ನಿಲ್ಲಿಸ್ಬೇಡ, ತುದೀಲಿದ್ದೋರು ಅರ್ಧ ಬರ್ತಾರೆ" ಎಂದು ನನಗೆ ತಾಕೀತು ಮಾಡಿದ್ದಳು. ಎಂಟಕ್ಕೇ ಹೋಗಿ, ಅವರ ಮುಖಗಳಿಗೆ ಎದುರಾಗಿ, ಚಿಮಣಿಗೆ ಬೆನ್ನು ಹಾಕಿ, ನಿಮ್ಮ ಅನುಮೋದಿತ ಆಧಾರವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸೊಂಟ ತಿರುಚಿ ಕೂತೆ. ಒಂಬತ್ತಕ್ಕೆ ಮೂರು ನಿಮಿಷವಿದ್ದಾಗ ಕಾವಲಿನವನು ಜನರನ್ನು ತಡೆಯಲು ಕಟ್ಟಿದ್ದ ಹಗ್ಗವನ್ನು ಹಿಂದಕ್ಕೆ ಎಳೆಯುತ್ತ ಬಂದ.

"ಎಲ್ಲಾರೂ ಹತ್ತು ಹೆಜ್ಜೆ ಹಿಂದೆ ಹೋಗಿ! ಬೇಗ, ಬೇಗ!"

ಎಲ್ಲರೂ ಹೋದರು. ಕಾಲಿದ್ದವರಿಗೆ ಹತ್ತು ಹೆಜ್ಜೆಯೆಂದರೆ ಹತ್ತು ಹೆಜ್ಜೆ. ನಾನು ಬಾಗಿ ಮೊದಲನೆಯ ಬೀಗ ಸಡಿಲಿಸಿದೆ, ಎರಡನೆಯದು ಬಿಗಿದುಕೊಂಡಿತ್ತು. ಸೈರನ್ ಕೂಗಿತು. ಇನ್ನು ಮಡಚುತ್ತಾ ಕೂತರೆ ಆಗುವುದಿಲ್ಲವೆಂದು ಟ್ರೈಪಾಡನ್ನು ಹಾಗೇ ಕೈಯಲ್ಲಿ ಎಳೆದುಕೊಂಡು ಗಾಡಿಯನ್ನು ಹೆಂಗಸರು ಸರಿದ ಕಡೆಗೆ ಬಿಟ್ಟೆ. ಅದರ ಒಂದು ಕಾಲು ನನ್ನ ಹಿಂದಿನ ಚಕ್ರಕ್ಕೆ ಸಿಕ್ಕಿತು. ಕ್ಯಾಮೆರಾ ಲೆನ್ಸ್ ಮುಂದಾಗಿ ಕಲ್ಲಿನ ಮೇಲೆ ಬಿತ್ತು. ಅದನ್ನು ಎತ್ತಲು ಬಾಗಿದ್ದಾಗ ನನ್ನ ಹಿಂದೆ ನೆಲ ನಡುಗಿತು, ಮುಂದಿನಿಂದ ಹತ್ತೊಂಬತ್ತು ಹೆಂಗಸರು ಒಟ್ಟಿಗೆ ಒಂದು ಕೂಗು ಹಾಕಿದರು. ಅಂಥ ಕೂಗನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ತಲೆ ಎತ್ತುವಷ್ಟರಲ್ಲಿ ಧೂಳು ಬಂದು ಎಲ್ಲರನ್ನೂ ಮುಚ್ಚಿತ್ತು. ಚಿಮಣಿ ಬಿದ್ದ ಚಿತ್ರ ಈ ಊರಿನ ಸಾವಿರ ಫೋನುಗಳಲ್ಲಿದೆ. ಅದು ಬೀಳುವುದನ್ನು ನೋಡಿದ ಆ ಹೆಂಗಸರ ಮುಖದ ಚಿತ್ರ ಎಲ್ಲಿಯೂ ಇಲ್ಲ, ಯಾರ ಬಳಿಯೂ ಇಲ್ಲ. ಅದನ್ನು ತೆಗೆಯಲು ಇದ್ದವಳು ನಾನೊಬ್ಬಳೇ.

ವಿಚಾರಣೆಯಲ್ಲಿ ನೀವು ಕೇಳಿದ ಮೊದಲ ಪ್ರಶ್ನೆ ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. "ಟ್ರೈಪಾಡಿಗೆ ಏನೂ ಆಗಿಲ್ಲ ತಾನೆ?" ಆಗಿಲ್ಲ, ಮಾನ್ಯರೇ. ಅದರ ಆರೋಗ್ಯ ಚೆನ್ನಾಗಿದೆ. ನಿಮ್ಮ ವರದಿಯ ಪ್ರಕಾರ, ಯೋಗ್ಯ ಸಾಧನ ಒದಗಿಸಿದ್ದರೂ ಸಿಬ್ಬಂದಿ ಅದನ್ನು ಬಳಸಲು ಅಶಕ್ತರಾಗಿರುವುದರಿಂದ ಅವರನ್ನು ಕ್ಷೇತ್ರಕಾರ್ಯಕ್ಕೆ ಅನರ್ಹರೆಂದು ಪರಿಗಣಿಸಿ ಶೀರ್ಷಿಕೆ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಜೊತೆಗೆ ನನ್ನ ಆ ಸಹಿಯ ನಕಲನ್ನೂ ಲಗತ್ತಿಸಿದ್ದೀರಿ. ಎಷ್ಟು ಸೊಗಸಾಗಿ ನನ್ನ ತಲೆಯ ಮೇಲೆ ಗೂಬೆ ಕೂರಿಸಿ ನೀವು ಕೈ ತೊಳೆದುಕೊಂಡಿರಿ!

ಚಿಮಣಿ ಬಿದ್ದ ನಾಲ್ಕನೆಯ ದಿನ ಅಮ್ಮ ಊಟ ಬಡಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು.

"ಆಗ ನನ್ನ ಮುಖ ಹೇಗಿತ್ತೇ?"

"ಯಾವಾಗಮ್ಮ?"

"ಅದು ಬಿತ್ತಲ್ಲ, ಆಗ. ನಾನು ಅತ್ನೋ ನಕ್ನೋ ನಂಗೇ ಗೊತ್ತಿಲ್ಲ. ಹೆಂಗಿದ್ರೂ ನೀನು ತೆಗೆದಿರ್ತೀಯಲ್ಲ, ಆಮೇಲೆ ನೋಡಿದ್ರಾಯ್ತು ಅಂತ ನಾನು ಗಮನಾನೇ ಕೊಡ್ಲಿಲ್ಲ."

ನಾನು ನೆಲ ನೋಡುತ್ತಿದ್ದೆ ಎಂದು ಅವಳಿಗೆ ಹೇಳಬೇಕಾಯಿತು. ಅವಳು "ಹೋಗ್ಲಿ ಬಿಡು" ಎಂದಳು. ಆ ಎರಡು ಪದಗಳಿಗಾಗಿ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ. ಇದನ್ನು ಅಲಂಕಾರಕ್ಕಾಗಿ ಬರೆಯುತ್ತಿಲ್ಲ.

ಆಮೇಲೆ ನಿಮ್ಮ ಉದಾರ ಹೃದಯ ಕರಗಿತಂತೆ. ಆ ಹೆಂಗಸರನ್ನೆಲ್ಲ ನಿಮ್ಮ ಸಭಾಂಗಣಕ್ಕೆ ಕರೆಸಿ, ಸಾಲಾಗಿ ನಿಲ್ಲಿಸಿ, ಒಂದು ಗ್ರೂಪ್ ಫೋಟೋ ತೆಗೆಸೋಣವೆಂದು ಸಹಾಯಕರ ಮೂಲಕ ಹೇಳಿ ಕಳಿಸಿದಿರಿ. ಅಮ್ಮ ಆತನನ್ನು ಒಳಗೆ ಕರೆದು, ನೀರು ಕೊಟ್ಟು, "ಬೀಳೋದನ್ನ ನೋಡಿದ ಮುಖ ಈಗ ಎಲ್ಲಿಂದ ತರ್ಲಪ್ಪ? ನಿಮ್ಮ ಸಾಹೇಬ್ರ ಹತ್ರ ಇನ್ನೊಂದು ಚಿಮಣಿ ಇದ್ರೆ ಹೇಳು, ಬರ್ತೀವಿ" ಎಂದು ಕಳಿಸಿದಳು.

ಶೀರ್ಷಿಕೆ ವಿಭಾಗಕ್ಕೆ ಕಳಿಸಿದ್ದಕ್ಕೆ ಮಾತ್ರ ನಿಮಗೆ ನಾನು ಋಣಿ. ಕಿಟಕಿಯಿಲ್ಲದ ಕೋಣೆ, ಎರಡು ಮೇಜು, ಇಲಾಖೆಯ ಪ್ರತಿಯೊಂದು ಚಿತ್ರವೂ ಕಡತಕ್ಕೆ ಹೋಗುವ ಮುನ್ನ ಇಲ್ಲಿಗೇ ಬರಬೇಕು. ಎಲ್ಲಿ, ಯಾವಾಗ, ಯಾರು, ಏನು ಎಂದು ಎಡದಿಂದ ಬಲಕ್ಕೆ ಬರೆಯಬೇಕು. ಒಮ್ಮೆ ಮುದ್ರೆ ಬಿದ್ದ ಶೀರ್ಷಿಕೆಯನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ, ಬೇಕಾದರೆ ಕೆಳಗೆ ಟಿಪ್ಪಣಿ ಸೇರಿಸಬಹುದು. ಈ ನಿಯಮ ನಿಮ್ಮದೇ. ಹೋದ ವಾರ ನನ್ನ ಮೇಜಿಗೆ ಒಂದು ಲಕೋಟೆ ಬಂತು. ತೆರೆದರೆ ಆಯ್ಕೆ ಸಭೆಯ ಹನ್ನೊಂದು ಚಿತ್ರಗಳು! ಹಬೆಯಾಡುವ ಅನ್ನ ಕಂಡ ಹಸಿದವಳಂತೆ ಕೂತು ಬರೆದೆ. ಒಂದು ಸುಳ್ಳು ಪದ ಹಾಕಲಿಲ್ಲ, ಒಂದು ಬೈಗುಳ ಹಾಕಲಿಲ್ಲ. ನಾಲ್ಕನೆಯ ಚಿತ್ರದ ಕೆಳಗೆ ಹೀಗಿದೆ: "ಸ್ಕೂಟರ್ ಬಳಸುವ ಛಾಯಾಗ್ರಾಹಕರಿಗೆ ಆಧಾರದ ಆಯ್ಕೆ. ಎಡದಿಂದ: ಕಚೇರಿ ಕುರ್ಚಿಗಳಲ್ಲಿ ಮೂವರು ಛಾಯಾಗ್ರಾಹಕರು, ಟ್ರೈಪಾಡಿನ ಹಿಂದೆ ನಿಂತಿರುವ ಸಮಿತಿಯ ಅಧ್ಯಕ್ಷರು. ಹಿನ್ನೆಲೆಯಲ್ಲಿ, ತೆರೆದ ಬಾಗಿಲಿನಾಚೆ, ಮೂರು ಸ್ಕೂಟರ್‌ಗಳು." ಚಿತ್ರ ತೆಗೆದ ಪುಣ್ಯಾತ್ಮ ಬಾಗಿಲನ್ನೂ ಚೌಕಟ್ಟಿನೊಳಗೆ ಹಿಡಿದಿದ್ದಾನೆ. ಮುದ್ರೆ ಬಿದ್ದಾಗಿದೆ. ನೀವು, ನಾನು ಇಬ್ಬರೂ ಹೋದ ಮೇಲೂ ಆ ಸಾಲು ಅಲ್ಲಿರುತ್ತದೆ. ಕೆಳಗೆ ಟಿಪ್ಪಣಿ ಸೇರಿಸುವ ಹಕ್ಕು ನಿಮಗಿದೆ. ಏನು ಬರೆಯುತ್ತೀರೋ ನೋಡಲು ಕುತೂಹಲವಿದೆ. ಕಾರ್ಪೆಟ್ಟಿನ ಬಣ್ಣವನ್ನೇ?

ಸೇಡಿನ ಮಾತು ಇದು ಎಂದು ನೀವು ಹೇಳಬಹುದು. ಹೌದು, ಸೇಡಿನ ಮಾತೇ. ಅಂಗವಿಕಲರೆಂದರೆ ಸದಾ ಮುಗುಳ್ನಗುತ್ತ, ಕೊಟ್ಟದ್ದಕ್ಕೆಲ್ಲ ಕೈಮುಗಿಯುತ್ತ ಇರಬೇಕೆಂದು ನಿಮಗೆ ಹೇಳಿಕೊಟ್ಟವರು ಯಾರೋ ತಿಳಿಯದು. ನನಗೂ ಹೊಟ್ಟೆಯೊಳಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ನನಗೂ ನೀವು ಒಂದು ದಿನ, ಒಂದೇ ಒಂದು ದಿನ, ಜನರ ಎದುರಿಗೆ ಆ ಎರಡನೆಯ ಬೀಗದ ಜೊತೆ ಗುದ್ದಾಡುವುದನ್ನು ನೋಡುವ ಆಸೆಯಿದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಮುಂದಿನ ತಿಂಗಳ ಹನ್ನೆರಡಕ್ಕೆ ಹಳೆಯ ನೀರಿನ ಟ್ಯಾಂಕನ್ನು ಕೆಡವುತ್ತಾರೆ. ಅದರ ಪಂಪು ನೋಡಿಕೊಂಡವರು ನಲವತ್ತು ವರ್ಷ ಅದರ ಬುಡದಲ್ಲೇ ಬಾಳಿದವರು, ಅಂದು ಅವರೂ ಬರುತ್ತಾರೆ, ಅತಿಥಿಯಾಗಿ ನೀವೂ ಬರುತ್ತೀರಿ. ಅಷ್ಟರೊಳಗೆ ನನ್ನನ್ನು ಬೀದಿಯ ಕೆಲಸಕ್ಕೆ ಮರಳಿಸಬೇಕು. ಉಗ್ರಾಣದಿಂದ ನನ್ನ ತೋಳನ್ನು ತಂದು ನಿಮ್ಮ ಕೈಯಿಂದಲೇ ನನಗೆ ಕೊಡಬೇಕು. ಆಯ್ಕೆಯ ಪರೀಕ್ಷೆ ಮತ್ತೆ ನಡೆಯಬೇಕು, ಅದೇ ಸಭಾಂಗಣದಲ್ಲಿ, ಮೂರು ಸ್ಕೂಟರುಗಳೂ ಒಳಗೆ, ಒಬ್ಬೊಬ್ಬರಿಗೆ ಅವರವರ ದೇಹಕ್ಕೆ ಒಗ್ಗುವ ಆಧಾರ. ನಡುಗುವ ಕೈಗೆ ಬೇರೆ, ಒಂದೇ ಕೈಗೆ ಬೇರೆ. ಬೆಸುಗೆಯವನೂ ಸಮಿತಿಯಲ್ಲಿರಬೇಕು. ಮತ್ತು ಪರೀಕ್ಷೆಗೆ ಮೊದಲು, ಒಂದು ಗಂಟೆ, ನೀವು ನನ್ನ ಗಾಡಿಯಲ್ಲಿ ಕೂತು, ನೀವೇ ಆರಿಸಿದ ಟ್ರೈಪಾಡ್ ಹಿಡಿದು, ಮಾರುಕಟ್ಟೆಯ ಎದುರಿನ ಚೌಕದಲ್ಲಿ, ಹಗಲು ಹನ್ನೊಂದಕ್ಕೆ, ಹತ್ತು ಹೆಜ್ಜೆ ಹಿಂದೆ ಹೋಗಿ ತೋರಿಸಬೇಕು. ಇದೊಂದರಲ್ಲಿ ಚೌಕಾಸಿಗೆ ನಾನು ಸಿದ್ಧಳಿಲ್ಲ.

ಮಾಡುವುದಿಲ್ಲವೆ? ಸರಿ. ಹನ್ನೆರಡಕ್ಕೆ ನಾನು ರಜೆ ಹಾಕುತ್ತೇನೆ. ನಿಮ್ಮ ಸುತ್ತೋಲೆ ಕರ್ತವ್ಯದ ವೇಳೆಗೆ ಮಾತ್ರ, ರಜೆಯ ದಿನ ನನ್ನ ಗಾಡಿಗೆ ನಾನು ಏನು ಬೇಕಾದರೂ ಬಿಗಿದುಕೊಳ್ಳಬಹುದು. ಬೆಸುಗೆಯವನು ಹೊಸ ತೋಳು ಮಾಡಿ ಮುಗಿಸಿದ್ದಾನೆ. ಸ್ವಂತ ಕ್ಯಾಮೆರಾ ಇದೆ. ಅಂದು ಸೈರನ್ ಕೂಗಿದಾಗ ಎಲ್ಲರೂ ಟ್ಯಾಂಕಿನ ಕಡೆ ತಿರುಗುತ್ತಾರೆ, ನಾನು ಸೀಟು ತಿರುಗಿಸುತ್ತೇನೆ. ಮೊದಲ ಚಿತ್ರ ಪಂಪಿನ ಹಿರಿಯರದು, ಅದು ಅವರ ಹಕ್ಕು. ಉಳಿದ ಚಿತ್ರಗಳೆಲ್ಲ ನಿಮ್ಮವು. ನೀವು ಅತಿಥಿಗಳ ಸಾಲಿನಲ್ಲಿ ಎಲ್ಲಿ ಕೂತರೂ, ಎತ್ತ ತಿರುಗಿದರೂ, ಮುಖದ ಒಂದು ಗೆರೆಯೂ ಮಸುಕಾಗದಂತೆ ತೆಗೆಯುತ್ತೇನೆ, ಇದೇ ಪತ್ರಿಕೆಗೆ ಕೊಡುತ್ತೇನೆ. ಈ ಪತ್ರ ಓದಿದ ಊರು ಆ ಮುಖವನ್ನೂ ನೋಡಲಿ.

ಬರುವಾಗ ಮುಖ ಸರಿಮಾಡಿಕೊಂಡು ಬನ್ನಿ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ನಿಮ್ಮ ದಾಖಲೆಯ ಪ್ರಕಾರ ಅನರ್ಹಳಾದ,
ಅಮ್ಮನ ಒಂದು ಮುಖವನ್ನು ಕಳೆದುಕೊಂಡ ಛಾಯಾಗ್ರಾಹಕಿ